ಹೆಂಡತಿಯ ಎಡಭುಜ

ಆ ದರ್ಜಿಯ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ನೋಡಿಸಬೇಕಾದರೆ ಗಿರಾಕಿ ಮೇಜು ಹತ್ತಬೇಕಿತ್ತು. ವಕೀಲರಾಗಲಿ, ಹೆಡ್‌ಮಾಸ್ತರಾಗಲಿ, ಚಪ್ಪಲಿ ಬಿಟ್ಟು ಹತ್ತಲೇಬೇಕು. ದರ್ಜಿ ನೂರ ನಲವತ್ತೆರಡು ಕಿಲೋ ಇದ್ದ. ಬಗ್ಗುವ ಮಾತನ್ನು ಅವನ ಮುಂದೆ ಯಾರೂ ಎತ್ತುತ್ತಿರಲಿಲ್ಲ. ಒಮ್ಮೆ ಬಿದ್ದ ಕತ್ತರಿ ತೆಗೆಯಲು ನೆಲಕ್ಕೆ ಕೂತವನು ಏಳಲಾಗದೆ, ಹೆಂಡತಿ ಬರುವ ತನಕ ಎರಡು ಗಂಟೆ ಅಲ್ಲೇ ಕೂತು, ಬಂದವರಿಗೆಲ್ಲ "ಸೂಜಿ ಹುಡುಕ್ತಾ ಇದೀನಿ" ಎಂದಿದ್ದ. ಒಬ್ಬ ಗಿರಾಕಿ, ಪಾಪ, ತಾನೂ ಕೂತು ಅರ್ಧ ಗಂಟೆ ಹುಡುಕಿದ.

ತೂಕ ಇಳಿಸುವ ಆಪರೇಷನ್‌ಗೆ ಒಪ್ಪಿದ್ದು ಆಮೇಲೆ. ಹೊಟ್ಟೆ ಒಳಗಿಂದ ಚಿಕ್ಕದು ಮಾಡಿಸಿಕೊಂಡರೆ ಆಯಿತು, ಆಲ್ಟರೇಷನ್ ಅಂದರೆ ಅಷ್ಟೇ ತಾನೆ ಎಂದುಕೊಂಡಿದ್ದ. ಸರ್ಜನ್ ಅವನನ್ನು ಮೊದಲು ಫಿಸಿಯೋಥೆರಪಿ ಕೋಣೆಗೆ ಅಟ್ಟಿದರು.

ಅಲ್ಲಿದ್ದದ್ದು ಮಗಳ ವಯಸ್ಸಿನ ಒಬ್ಬ ಹುಡುಗಿ, ಒಂದು ಕುರ್ಚಿ, ಒಂದು ಗಡಿಯಾರ. "ಏನನ್ನೂ ಹಿಡ್ಕೊಳ್ದೆ ಕುರ್ಚಿಯಿಂದ ಎದ್ದು ನಿಲ್ಲಿ," ಎಂದಳು. ದರ್ಜಿ ಬಲಗೈ ಚಾಚಿದ. ಜೊತೆಗೆ ಬಂದಿದ್ದ ಹೆಂಡತಿ ಎದುರಿಗೆ ನಿಂತು ಎಡಭುಜ ಕೊಟ್ಟಳು. ಅವನು ಎದ್ದ. ಏನೋ ಮಾಡಿದೆವು ಎಂದು ಇಬ್ಬರಿಗೂ ಅನಿಸಲೇ ಇಲ್ಲ.

ಹುಡುಗಿ ಅವನನ್ನು ಬಿಟ್ಟು ಹೆಂಡತಿಯ ಭುಜ ಒತ್ತಿ ನೋಡಿದಳು. "ಈ ಕೈ ಎತ್ತಿ ನೋಡೋಣ?" ಕೈ ಕಿವಿಯ ತನಕವೂ ಹೋಗಲಿಲ್ಲ.

"ಎಷ್ಟು ವರ್ಷದಿಂದ ಹೀಗೆ?"

"ಹನ್ನೊಂದು. ಅಭ್ಯಾಸ ಆಗೋಗಿದೆ, ಬಿಡಮ್ಮ," ಎಂದಳು ಹೆಂಡತಿ.

ಹನ್ನೊಂದು ವರ್ಷ ಈ ಮಹಾನುಭಾವ ಊರವರ ಭುಜವನ್ನೆಲ್ಲ ಟೇಪು ಹಿಡಿದು ಅಳೆದಿದ್ದ. ಮನೆಯದೊಂದು ಕಣ್ಣಿಗೆ ಬಿದ್ದಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಮುಖ ಸಣ್ಣದು ಮಾಡಿಕೊಂಡು ನೆಲ ನೋಡಿದ.

"ಆಪರೇಷನ್ ತೂಕ ಇಳಿಸುತ್ತೆ, ಎಬ್ಬಿಸಿ ನಿಲ್ಲಿಸಲ್ಲ," ಎಂದಳು ಹುಡುಗಿ. "ತೂಕದ ಜೊತೆ ತೊಡೆಯ ಶಕ್ತಿನೂ ಇಳಿಯುತ್ತೆ. ಈಗಿಂದಲೇ ಬೆಳೆಸ್ಕೋಬೇಕು. ಅರ್ಧ ನಿಮಿಷಕ್ಕೆ ಹತ್ತು ಸಲ ಎದ್ದು ತೋರ್ಸಿ, ಆಮೇಲೆ ಸರ್ಜನ್ ಹತ್ರ ಮಾತಾಡ್ತೀನಿ. ಇವರು ಹೊರಗಡೆ ಕೂತ್ಕೊಳ್ಳಲಿ."

ಮೊದಲ ವಾರ ಕುರ್ಚಿಗೆ ಎರಡು ದಿಂಬು ಹಾಕಿ ಒಂದು ಸಲ ಎದ್ದ. ಒಂಬತ್ತನೇ ವಾರ ದಿಂಬಿಲ್ಲದೆ ಹತ್ತು ಸಲ. ಆಪರೇಷನ್ ಆದ ಸಂಜೆಯೇ ಹುಡುಗಿ ಬಂದು ವಾರ್ಡಿನಲ್ಲಿ ನಡೆಸಿದಳು. ಅವನು ಮನಸ್ಸಿನಲ್ಲೇ ಅವಳನ್ನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎಂಟು ತಿಂಗಳಲ್ಲಿ ಐವತ್ತು ಕಿಲೋ ಇಳಿಯಿತು. ನೆಲದಿಂದ ಏಳುವುದು ಮಾತ್ರ ಬಾಕಿ ಉಳಿಯಿತು. ಮನೆಯಲ್ಲಿ ಚಾಪೆ ಹಾಸಿಕೊಂಡು ದಿನಾ ಒದ್ದಾಡುತ್ತಿದ್ದ. ಹತ್ತಿರ ಬಂದ ಹೆಂಡತಿಗೆ "ಮುಟ್ಟಬೇಡ" ಎಂದು ಗದರುತ್ತಿದ್ದ.

ಒಂದು ಮಧ್ಯಾಹ್ನ ಹೆಡ್‌ಮಾಸ್ತರು ಹೊಸ ಪ್ಯಾಂಟು ಹಾಕಿ ನೋಡಿ, ರೂಢಿಯಂತೆ ಮೇಜಿನತ್ತ ಹೊರಟರು. "ಕೆಳಗೇ ನಿಲ್ಲಿ ಸಾರ್," ಎಂದ ದರ್ಜಿ. ಮಂಡಿಯೂರಿ ಕೂತು ಎರಡೂ ಕಾಲಿಗೆ ಪಿನ್ನು ಹಾಕಿದ. ಅವನ ಬಲಗೈ ತಾನಾಗಿ ಹೆಂಡತಿಯತ್ತ ಚಾಚಿಕೊಂಡಿತು. ನೆಲದ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದವಳು ಅರ್ಧ ಎದ್ದವಳೇ, ತಡೆದುಕೊಂಡು ಕೂತುಬಿಟ್ಟಳು. ಅವನು ಕೈ ಹಿಂದಕ್ಕೆಳೆದು ತೊಡೆಯ ಮೇಲೆ ಊರಿ, ಹಲ್ಲು ಕಚ್ಚಿ, ಎದ್ದು ನಿಂತ.

"ಯಾವತ್ತು ಕೊಡ್ತೀಯಪ್ಪ?" ಎಂದರು ಹೆಡ್‌ಮಾಸ್ತರು.

"ಬುಧವಾರ ಸಾರ್."

ಅವರು ಹೋದ ಮೇಲೆ ಹೆಂಡತಿ ಬಲಗೈ ಎತ್ತಿದಳು. "ರೀ, ಕಾಲು ಜೋಮು ಹಿಡಿದಿದೆ. ಸ್ವಲ್ಪ ಎಳೀರಿ."

ಅವನು ಎಳೆದ. "ಅಬ್ಬಬ್ಬಾ! ಎಷ್ಟು ಭಾರ ಇದೀಯೇ!"

ಐವತ್ತೊಂದು ಕಿಲೋದ ಆ ಹೆಂಗಸು ನಕ್ಕೂ ನಕ್ಕೂ ಮತ್ತೆ ನೆಲಕ್ಕೇ ಕೂತಳು. ಅವನು ಇನ್ನೊಮ್ಮೆ ಕೈ ಕೊಟ್ಟ.