ಅವರು ಬೇಡ ಎಂದಿರಲಿಲ್ಲ

ನೀಲಾ, ಆ ದಿನ ಪುರಸಭೆಯಲ್ಲಿ ನಿನ್ನ ಮಾತನ್ನು ಬೀಳಿಸಿದವಳು ನಾನು. ನನ್ನ ಯಜಮಾನರಲ್ಲ — ನಾನೇ. ಅವರು ತಡೆದಿದ್ದರಿಂದ ನಾನು ಬಾಯಿ ತೆರೆಯಲಿಲ್ಲವೆಂದು ನೀನು ಇಷ್ಟು ವರ್ಷ ನಂಬಿದ್ದೀಯ. ನಂಬಿಸಿದವಳೂ ನಾನೇ.

ತೊಂಬತ್ತರ ದಶಕದಲ್ಲಿ ಮೀಸಲಾತಿಯಿಂದ ಗೆದ್ದು ನಂಜನಗೂಡಿನ ಪುರಸಭೆಗೆ ಬಂದ ನಮ್ಮಂಥ ಹೆಂಗಸರಲ್ಲಿ ಎದ್ದು ನಿಂತು ಮಾತಾಡುತ್ತಿದ್ದವಳು ನೀನೊಬ್ಬಳೇ. ನೀನು ಬಟ್ಟೆ ಹೊಲಿಯುವವಳು, ನಾನು ಪಾತ್ರೆ ಅಂಗಡಿಯವರ ಹೆಂಡತಿ. ಸಭೆ ಮುಗಿದ ಮೇಲೆ ಕಪಿಲಾ ಹೊಳೆಯ ಮೆಟ್ಟಿಲ ಮೇಲೆ ಕೂರುತ್ತಿದ್ದೆವಲ್ಲ — ನೀನು ಅಧ್ಯಕ್ಷರ ಕೆಮ್ಮನ್ನು ಅಣಕಿಸುತ್ತಿದ್ದೆ, ನಾನು ನಕ್ಕು ನಕ್ಕು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅಂಥ ನಗು ಆಮೇಲೆ ನನಗೆ ಬರಲೇ ಇಲ್ಲ.

ಮಾರುಕಟ್ಟೆಯಲ್ಲಿ ಸೊಪ್ಪು ತರಕಾರಿ ಮಾರುವ ಹೆಂಗಸರಿಗೆ ಒಂದು ಶೌಚಾಲಯ ಬೇಕೆಂಬುದು ನಿನ್ನ ಹಟ. ಬಿಳಿಗೆರೆ ಕಡೆಯಿಂದ ಸೊಪ್ಪು ತರುತ್ತಿದ್ದ ನಿನ್ನ ಚಿಕ್ಕಮ್ಮ, ಮತ್ತೆ ಮನೆ ಸೇರುವವರೆಗೆ ಗುಟುಕು ನೀರೂ ಕುಡಿಯದೆ ಬಿಸಿಲಲ್ಲಿ ಕೂತಿರುತ್ತಿದ್ದರು. ಕಟ್ಟಿಸುವುದಕ್ಕೆ, ದಿನಾ ತೊಳೆಸುವುದಕ್ಕೆ ದುಡ್ಡಿಲ್ಲ ಎಂದರು ಪುರಸಭೆಯವರು. ಹಾಗಾದರೆ ಮನೆಗಂದಾಯ ಏರಿಸಿ ಎಂದೆ ನೀನು. ಊರಿಗೆ ಊರೇ ಬೈಯುವ ಮಾತು ಅದು.

"ನಾನು ಎದ್ದು ಕೇಳ್ತೀನಿ, ನೀನು ಅನುಮೋದ್ನೆ ಮಾಡಕ್ಕ. ಇನ್ನೊಬ್ರು ಊಂ ಅನ್ನದಿದ್ರೆ ವೋಟಿಗೇ ಆಕಲ್ಲ ಅವ್ರು," ಎಂದಿದ್ದೆ ನೀನು. ನಿನ್ನ ಕೈ ಹಿಡಿದು ಒಪ್ಪಿದ್ದೆ ನಾನು.

ಮನೆಯಲ್ಲಿ ಯಜಮಾನರಿಗೂ ಹೇಳಿದೆ. ಅಂಗಡಿ ಇಟ್ಟವರು, ರೇಗುತ್ತಾರೆಂದುಕೊಂಡಿದ್ದೆ. ಅವರು ಊಟ ಮಾಡುತ್ತಲೇ, "ಕಂದಾಯ ಏರಿದ್ರೆ ಕಟ್ಟಾಣ ಬುಡು. ಮಾತು ಕೊಟ್ಟಿದ್ದೀಯಲ್ಲ, ನಡಸ್ಕೊ," ಎಂದರು. ಅಷ್ಟೇ ಅವರು ಹೇಳಿದ್ದು.

ಸಭೆಯ ಬೆಳಿಗ್ಗೆ ನಾವಿಬ್ಬರೂ ಮಾರುಕಟ್ಟೆಯ ಮೂಲಕ ಹೋದೆವು. ಹೆಂಗಸರು ನಿನ್ನನ್ನು ಮುತ್ತಿಕೊಂಡರು. ಒಬ್ಬಳು ನಿನ್ನ ತಲೆಗೆ ಮಲ್ಲಿಗೆ ಮುಡಿಸಿದಳು. ಮುಡಿಸುತ್ತಾ ನನ್ನ ಕಡೆ ತಿರುಗಿ, "ಈವಕ್ಕನೂ ಮೆಂಬರ್ರಾ?" ಎಂದು ಕೇಳಿದಳು.

ಅಷ್ಟೇ, ನೀಲಾ. ನನಗೆ ಚುಚ್ಚಿದ್ದು ಅಷ್ಟೇ ಮಾತು. ಬರೆಯಲು ನಾಚಿಕೆಯಾಗುತ್ತದೆ — ಇನ್ನೂ ದೊಡ್ಡ ಕಾರಣವೊಂದು ಇದ್ದಿದ್ದರೆ ಎಂದು ಎಷ್ಟು ಸಲ ಹುಡುಕಿದ್ದೇನೆ... ಇಲ್ಲ. ಕಟ್ಟಡ ಎದ್ದರೆ ನಿನ್ನ ಹೆಸರು, ಕಂದಾಯ ಏರಿಸಿದ ಬೈಗುಳ ಇಬ್ಬರಿಗೂ. ಸಭೆಯ ಬಾಗಿಲು ಮುಟ್ಟುವವರೆಗೆ ಇದನ್ನೇ ಮೆಲುಕು ಹಾಕಿದೆ.

ಸಭೆಯಲ್ಲಿ ಗದ್ದಲ. "ಕಂದಾಯ ಏರ್ಸಿ ಯಾವ್ ಮೋರೆ ಒತ್ಕೊಂಡು ವೋಟ್ ಕೇಳೋದ್ರೀ?" ಎಂದು ಹಿರಿಯ ಸದಸ್ಯರೊಬ್ಬರು ಕೂಗಿದರು. "ಕಕ್ಕಸಿಗೂ ಕಂದಾಯವಾ?" ಎಂದು ಇನ್ನೊಬ್ಬರು ನಕ್ಕರು.

ನೀನು ನಗಲಿಲ್ಲ. "ನಿಮ್ಮನೇಲಿ ಐತಲ್ಲ ಸಾ. ಅವ್ರು ಎಲ್ಲಿಗೋಗ್ಬೇಕು, ನೀವೇ ಯೋಳಿ," ಎಂದೆ. ನಕ್ಕವರು ಮುಂದಿದ್ದ ಕಾಗದ ತಿರುವತೊಡಗಿದರು. ಗೆಲ್ಲುತ್ತಿದ್ದೆ ನೀನು — ಅದು ನನಗೆ ಕಂಡಿತ್ತು.

"ಅನುಮೋದಿಸೋರು ಯಾರು?" ಎಂದರು ಅಧ್ಯಕ್ಷರು.

ನೀನು ನನ್ನ ಕಡೆ ತಿರುಗಿದೆ. ಪ್ರಶ್ನೆಯಿರಲಿಲ್ಲ ಆ ಕಣ್ಣಲ್ಲಿ, ಬರೀ ಭರವಸೆ. ನಾನು ಮೇಜಿನ ಮೇಲಿನ ನೀರಿನ ಲೋಟ ಎತ್ತಿ ಕುಡಿಯತೊಡಗಿದೆ. ಅಧ್ಯಕ್ಷರು ಇನ್ನೊಮ್ಮೆ ಕೇಳಿ, ಮುಂದಿನ ವಿಷಯಕ್ಕೆ ಹೋದರು.

ಹೊರಗೆ ಬಂದು ನೀನು ನನ್ನ ಭುಜ ಮುಟ್ಟಿದೆ. "ಅಣ್ಣ ಬ್ಯಾಡ ಅಂದ್ರಾ, ಅಕ್ಕ?" ನಾನು ತಲೆ ತಗ್ಗಿಸಿದೆ. ಹೌದೆಂದು ನೀನು ತಿಳಿಯಲಿ ಎಂದೇ ತಗ್ಗಿಸಿದೆ. "ಓಗ್ಲಿ ಬುಡು, ನೀನೇನ್ ಮಾಡೀಯೆ," ಎಂದು ನನ್ನನ್ನೇ ಸಮಾಧಾನ ಮಾಡಿದೆಯಲ್ಲೇ!

ಆಮೇಲೆ ನೀನು ನಮ್ಮ ಮನೆ ಹೊಸಿಲು ತುಳಿಯಲಿಲ್ಲ. "ನೀಲ ಯಾಕೆ ಬರಾಕಿಲ್ಲ?" ಎಂದು ಯಜಮಾನರು ಕೇಳುತ್ತಲೇ ಇದ್ದರು. ಅವಧಿ ಮುಗಿದ ಮೇಲೆ ನೀನು ಕಾಯಿಲೆ ಬಿದ್ದ ಚಿಕ್ಕಮ್ಮನನ್ನೂ ಕರೆದುಕೊಂಡು ಟಿ. ನರಸೀಪುರದಲ್ಲಿದ್ದ ನಿನ್ನ ಒಡಹುಟ್ಟಿದ ಅಣ್ಣನ ಮನೆ ಸೇರಿದೆ. ಮುಂದೆ ಕಂದಾಯ ಹೇಗೂ ಏರಿತು, ಶೌಚಾಲಯವೂ ಎದ್ದಿತು. ಅದರ ಮುಂದೆ ಹಾದುಹೋಗುವಾಗೆಲ್ಲ ಪಕ್ಕದಲ್ಲಿ ನಿನ್ನ ಹೆಜ್ಜೆಯ ಸದ್ದಿಗೆ ಕಿವಿ ಕೊಡುತ್ತೇನೆ. ಹೊಳೆಯ ಮೆಟ್ಟಿಲ ಮೇಲೆ ಈಗಲೂ ಒಬ್ಬಳೇ ಕೂರುತ್ತೇನೆ, ನಿನಗೊಂದಿಷ್ಟು ಜಾಗ ಬಿಟ್ಟು.

ಕಳೆದ ತಿಂಗಳು ಯಜಮಾನರು ತೀರಿಕೊಂಡಾಗ ಬಂದೆಯಲ್ಲ, ಅಷ್ಟು ವರ್ಷಗಳ ಮೇಲೆ. ಹೆಣದ ಪಾದ ಮುಟ್ಟಿ ನೀನು ಅತ್ತೆ. "ಅಣ್ಣಾ, ಆವತ್ತಿನ್ ಕ್ವಾಪ ನಂಗೇನೂ ಇಲ್ಲ ಕಣಣ್ಣಾ, ನೆಮ್ಮದಿಯಾಗಿ ಓಗು," ಎಂದೆ. ನಾನು ತಲೆಯ ಹತ್ತಿರವೇ ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಈ ಸೋಮವಾರ ನರಸೀಪುರಕ್ಕೆ ಬರುತ್ತಿದ್ದೇನೆ. ಬರೆದರೆ ಸಾಲದು, ಇದೆಲ್ಲವನ್ನೂ ನಿನ್ನೆದುರು ನಿಂತು ಹೇಳಬೇಕು. ಕ್ಷಮಿಸು ಎಂದು ಕೇಳಲಾರೆ. ಅವರಿಗೆ ಕೊಟ್ಟ ಕ್ಷಮೆಯನ್ನು ಮಾತ್ರ ವಾಪಸು ತೆಗೆದುಕೊ, ನೀಲಾ. ಅದು ಅವರಿಗೆ ಬೇಕಿರಲಿಲ್ಲ.