ಒಲೆ ಹಚ್ಚಬೇಡಿ

ನಮ್ಮ ಕಡೆ ಇಡೀ ಮನೆಯನ್ನು ಊಟಕ್ಕೆ ಕರೆಯುವವರು ಹೊಸ್ತಿಲಲ್ಲಿ ನಿಂತು, ಅವತ್ತು ಒಲೆ ಹಚ್ಚಬೇಡಿ ಎನ್ನುತ್ತಾರೆ. ಒಂದು ಒಲೆಯ ಅನ್ನ ಉಣ್ಣುವವರೆಲ್ಲ ಮನೆಮಂದಿ, ಅವರಷ್ಟೂ ಬರಬೇಕು ಎಂದು ಅರ್ಥ. ಹಾಗೆ ಕರೆದ ಮೇಲೂ ಮನೆಯಲ್ಲಿ ಅಡುಗೆ ಮಾಡಿದರೆ ಕರೆದವರಿಗೆ ಅವಮಾನ. ಚೆಂದದ ಮಾತು. ಈಗ ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ.

ಹೋದ ವರ್ಷ ದೊಡ್ಡಪ್ಪನ ಮಗ ಸದಾಶಿವಗಡದಲ್ಲಿ ಮನೆ ಕಟ್ಟಿಸಿದ. ಅಂಕೋಲಾದ ಬೊಬ್ರುವಾಡದಲ್ಲಿರುವ ನಮ್ಮ ಮನೆಗೆ ಬಂದು, ಹೀಗೇ ಒಲೆ ಹಚ್ಚಬೇಡಿ ಎಂದು ಗೃಹಪ್ರವೇಶಕ್ಕೆ ಕರೆದು ಹೋದ. ಆಗ ಅವನಿಗೆ ಚಹಾ ಮಾಡಿಕೊಟ್ಟವಳು ನಮ್ಮತ್ತೆ, ಅಪ್ಪನ ತಂಗಿ. ಮಾಜಾಳಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತಿರುಗಿ ಬಂದವಳು. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಅಡುಗೆಮನೆ ನಡೆದದ್ದು ಅವಳ ಕೈಯಲ್ಲೇ.

ಗೃಹಪ್ರವೇಶದ ದಿನ ನಾನು ಕಾರವಾರದ ಆಫೀಸಿನಲ್ಲಿ ಅರ್ಧ ದಿನ ರಜೆ ಹಾಕಿ ನೇರವಾಗಿ ಅಲ್ಲಿಗೆ ಹೋದೆ. ನಮ್ಮ ಮನೆಯಿಂದ ಬಂದ ಅಣ್ಣ, ಅತ್ತಿಗೆ, ಮಕ್ಕಳು ಆಗಲೇ ಪಂಕ್ತಿಯಲ್ಲಿ ಕೂತಾಗಿತ್ತು. ಅತ್ತೆ ಎಲ್ಲಿ ಎಂದು ಕೇಳಿದೆ. ಮನೆ ಕಾಯಲು ಒಬ್ಬರು ಬೇಕಲ್ಲ ಎಂದಳು ಅತ್ತಿಗೆ, ಎಲೆಯಿಂದ ತಲೆ ಎತ್ತದೆ. ನಮ್ಮ ಮನೆಗೆ ಯಾವ ಕಳ್ಳ ಬರುತ್ತಾನೆ, ಆ ಹಳೇ ಮಿಕ್ಸರ್ ಕದಿಯಲು? ವಿಧವೆಯನ್ನು ಹೊಸ ಮನೆಗೆ ಕರೆತರುವುದು ಬೇಡವೆಂದು ಬಾಯಿಬಿಟ್ಟು ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ, ಅಷ್ಟೇ. ನಾನು ಊಟಕ್ಕೆ ಕೂರದೆ ಕಾರವಾರಕ್ಕೆ ಬಂದು ಅಂಕೋಲಾ ಬಸ್ಸು ಹತ್ತಿದೆ.

ಅತ್ತೆ ಹಿತ್ತಿಲ ಬಾಗಿಲಲ್ಲಿ ಕೂತು ಅವಲಕ್ಕಿಗೆ ಬೆಲ್ಲ ಕಲಸಿಕೊಂಡು ತಿನ್ನುತ್ತಿದ್ದಳು. ಒಂದು ಹಿಡಿ ಅನ್ನವನ್ನಾದರೂ ಮಾಡಿಕೊಳ್ಳಬಾರದಿತ್ತೇ ಎಂದು ಗದರಿದೆ. ಕರೆದವರಿಗೆ ಅವಮಾನ ಆಗುವುದಿಲ್ಲವೇ ಎಂದಳು. ತನ್ನನ್ನು ಬೇಡವೆಂದವರ ಮಾನ ಕಾಯಲು ಅನ್ನ ಬಿಟ್ಟು ಕೂತಿದ್ದಳು ಪುಣ್ಯಾತ್ಗಿತ್ತಿ. ನನಗೆ ಅವಳ ಮೇಲೂ ಸಿಟ್ಟು ಬಂತು.

ಸಂಜೆ ಅಣ್ಣ ಮನೆಗೆ ಬಂದದ್ದೇ ತಡ, ಬಾಯಿಗೆ ಬಂದ ಹಾಗೆ ಬೈದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದೆ. ಅವನು ಅಂಗಿ ಬಿಚ್ಚುತ್ತ ತಣ್ಣಗೆ ಉತ್ತರ ಕೊಟ್ಟ.

“ಅತ್ತೆ ನಮ್ಮವಳೇಯ. ಆದ್ರೆ ಮನೆಮಂದಿ ಅಂದ್ರೆ ಯಾರ‍್ಯಾರು ಅಂತ ಎಲ್ಲರಿಗೂ ಗೊತ್ತದೆ.”

ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಅತ್ತೆಗೆ ಕೇಳಿಸಿತೆಂದು ನಮಗೆಲ್ಲ ಗೊತ್ತಾಯಿತು. ಅಣ್ಣ ಟಿವಿ ಹಾಕಿದ.

ಮರುದಿನ ಬೆಳಿಗ್ಗೆ ಎಷ್ಟು ಹೊತ್ತಾದರೂ ಚಹಾ ಬರಲಿಲ್ಲ. ಅಣ್ಣ, ಅತ್ತಿಗೆ, ಮಕ್ಕಳು ಒಬ್ಬೊಬ್ಬರಾಗಿ ಅಡುಗೆಮನೆಗೆ ಇಣುಕಿದ್ದೇ ಇಣುಕಿದ್ದು. ಅತ್ತೆ ಮಿಂದು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ಆ ಕುರ್ಚಿಯಲ್ಲಿ ಅವಳು ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇ ಎಂದು ಅಣ್ಣ ವಿಚಾರಿಸಿದ.

“ಆರಾಮೇ ಇದ್ದೆ,” ಎಂದಳು ಅತ್ತೆ. “ಚಾ ಮನೆಮಂದಿ ಮಾಡ್ಕಣ್ಲಿ.”