ಬ್ಯಾಕ್‌ಸ್ಟ್ರೋಕ್ ಹುಡುಗಿ ಮತ್ತು ಬಿಚ್ಚಿಟ್ಟ ಬಾವುಟ

ನನ್ನ ತಂಗಿಯ ಮಗಳು ಅಶ್ವಿತಾ ಕಳೆದ ತಿಂಗಳು ತಲೆಯಿಂದ ಚಿನ್ನದ ಪದಕ ಗೆದ್ದಳು. ಬುದ್ಧಿವಂತಿಕೆಯ ಮಾತಲ್ಲ, ನಿಜವಾದ ತಲೆಬುರುಡೆ. ಹೊಲಿಗೆ ಬಿದ್ದಿದೆ.

ವೇಣೂರಿನ ಹುಡುಗಿ. ಅಂಗಾತ ತೇಲುವುದನ್ನು ಕಲಿತದ್ದು ಫಲ್ಗುಣಿ ಹೊಳೆಯಲ್ಲಿ, ಮಸ್ಕತ್‌ನಿಂದ ರಜೆಗೆ ಬರುತ್ತಿದ್ದ ಅಪ್ಪನ ಅಂಗೈ ಮೇಲೆ. ಹೈಸ್ಕೂಲಿನ ದಿನಗಳಿಂದಲೇ ಬೆಳಗಿನ ಮೊದಲ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗಿ ಪ್ರಾಕ್ಟೀಸ್. ಜಿಲ್ಲೆಯಲ್ಲಿ ಗೆದ್ದಳು, ರಾಜ್ಯಕ್ಕೆ ಹೋದಳು, ಭುಜದ ನೋವಿನಿಂದ ಒಂದು ವರ್ಷ ಮನೆಯಲ್ಲಿ ಕೂತಳು, ಮತ್ತೆ ನೀರಿಗಿಳಿದಳು. ಈ ವರ್ಷ ಡಿಗ್ರಿ ಮುಗಿಯುತ್ತದೆ. ನ್ಯಾಷನಲ್ಸ್‌ಗೆ ಹೋಗಲು ಇದೇ ಕೊನೆಯ ಅವಕಾಶ ಅಂತ ಅವಳೇ ಹೇಳಿದ್ದಳು.

ಅಂಗಾತ ಮಲಗಿ ಈಜುವ ಬ್ಯಾಕ್‌ಸ್ಟ್ರೋಕ್‌ನವರಿಗೆ ತಾವು ಹೋಗುವ ದಿಕ್ಕು ಕಾಣುವುದಿಲ್ಲ. ಕಾಣುವುದು ಆಕಾಶ ಮಾತ್ರ. ಅದಕ್ಕೇ ಗೋಡೆಗಿಂತ ಸ್ವಲ್ಪ ಮೊದಲು, ನೀರಿನ ಮೇಲೆ ಅಡ್ಡಲಾಗಿ ಬಣ್ಣದ ಬಾವುಟಗಳ ಸಾಲು ಕಟ್ಟಿರುತ್ತಾರೆ. ಅದು ಕಂಡ ಮೇಲೆ ಎಷ್ಟು ಸಲ ಕೈ ಬೀಸಿದರೆ ಗೋಡೆ ಸಿಗುತ್ತದೆ ಎಂದು ಅವರ ಮೈಗೇ ಗೊತ್ತು. (ನನಗೆ ಇದು ಗೊತ್ತಾದದ್ದು ಆಸ್ಪತ್ರೆಯಲ್ಲಿ.)

ನ್ಯಾಷನಲ್ಸ್‌ಗೆ ಆಯ್ಕೆಯ ಕೂಟದ ದಿನ ಬೆಳಿಗ್ಗೆ ಹೀಟ್ಸ್, ಅಂದರೆ ಮೊದಲ ಸುತ್ತು, ಮುಗಿಯಿತು. ಮಧ್ಯಾಹ್ನ ಸಭಾ ಕಾರ್ಯಕ್ರಮ. ವೇದಿಕೆ ಇದ್ದದ್ದು ಕೊಳದ ಆ ತುದಿಯಲ್ಲಿ. ಬಾವುಟದ ಸಾಲು ಅತಿಥಿಗಳ ಮುಖಕ್ಕೆ ಅಡ್ಡ ಬರುತ್ತದೆ, ಸ್ವಲ್ಪ ತೆಗೆಯಿರಿ ಅಂದರು ಫೋಟೋಗ್ರಾಫರ್. ನಮ್ಮ ಕಡೆಯವರು ಗೊತ್ತಲ್ಲ? ರಕ್ತದಾನ ಶಿಬಿರದಿಂದ ವಾಲಿಬಾಲ್ ಮ್ಯಾಚಿನವರೆಗೆ ಬಂಟಿಂಗ್ಸ್ ತೋರಣ ಕಟ್ಟದೆ ಏನೂ ಶುರುವಾಗುವುದಿಲ್ಲ. ಇದೂ ಅಂಥದ್ದೇ ಅಂದುಕೊಂಡ ಕಾರ್ಯಕರ್ತರೊಬ್ಬರು ಬಿಚ್ಚಿ, ನೀಟಾಗಿ ಸುತ್ತಿ, ಕುರ್ಚಿಯ ಕೆಳಗೆ ಇಟ್ಟರು. ಭಾಷಣಗಳು ಮುಗಿದವು. ಮತ್ತೆ ಕಟ್ಟುವ ನೆನಪು ಯಾರಿಗೂ ಬರಲಿಲ್ಲ. ರೆಫರಿಗೂ ಇಲ್ಲ, ಕೋಚಿಗೂ ಇಲ್ಲ.

ಫೈನಲ್ ಶುರುವಾಯಿತು. ಈ ತುದಿಯಿಂದ ಆ ತುದಿಗೆ, ಒಂದೇ ಉದ್ದ. ಉಳಿದವರು ಕೊನೆಯಲ್ಲಿ ಅನುಮಾನ ಬಂದು ಕತ್ತು ಹೊರಳಿಸಿ ನೋಡಿದರು, ವೇಗ ಇಳಿಯಿತು. ಅಶ್ವಿತಾ ನೋಡಲಿಲ್ಲ. ಬಾವುಟ ಈಗ ಬರುತ್ತದೆ ಎಂದು ನಂಬಿದ್ದಳು. ಪೂರ್ತಿ ವೇಗದಲ್ಲಿ ತಲೆ ಗೋಡೆಗೆ ಬಡಿಯಿತು. ಬ್ಯಾಕ್‌ಸ್ಟ್ರೋಕ್‌ನಲ್ಲಿ ಮೈಯ ಯಾವ ಭಾಗ ಗೋಡೆ ಮುಟ್ಟಿದರೂ ನಡೆಯುತ್ತದೆ. ಹಾಗಾಗಿ ಚಿನ್ನ ಅವಳದ್ದೇ. ಸೆಲೆಕ್ಷನ್ನೂ ಆಯಿತು.

ಬಾವುಟ ಬಿಚ್ಚಿದವರು ಕಿತ್ತಳೆ ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಕೆಟ್ಟವರಲ್ಲ, ಪಾಪ.

"ಡೆಕೋರೇಶನ್ ಅಂತ ಗ್ರಹಿಸಿದ್ದು ಮಾರಾಯ್ರೆ. ಚಂದಕ್ಕೆ ಕಟ್ಟಿದ್ದಲ್ವಾ ಅಂತ," ಅಂದರು.

ನನಗೆ ಮೈಯೆಲ್ಲ ಉರಿಯಿತು. ಆದರೆ ಯಾರನ್ನು ಬೈಯುವುದು? ರಸ್ತೆ ತಿರುವಿನ ಬೋರ್ಡಿನ ಮೇಲೆಯೇ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುವವರು ನಾವು. ನಮಗೆ ಉಪಯೋಗವಿಲ್ಲದ್ದು ಬೇರೆ ಯಾರಿಗೋ ಬೇಕಿರಬಹುದು ಅಂತ ಒಮ್ಮೆ ಕೇಳುತ್ತೇವಾ?

ಕಳೆದ ಭಾನುವಾರ ಅವಳ ಪ್ರಾಕ್ಟೀಸ್ ನೋಡಲು ಹೋಗಿದ್ದೆ. ಗಾಯ ಮಾಗಿದೆ. ಬಾವುಟಗಳನ್ನು ಎರಡೂ ಕಡೆ ಗಟ್ಟಿಯಾಗಿ ಕಟ್ಟಿದ್ದಾರೆ. ಆದರೂ ಗೋಡೆ ಇನ್ನೂ ದೂರವಿರುವಾಗಲೇ ಅಶ್ವಿತಾ ಕತ್ತು ಹೊರಳಿಸಿ ನೋಡುತ್ತಾಳೆ. ಪ್ರತಿ ಸಲವೂ.

"ಹೀಗೆ ಮಾಡಿದ್ರೆ ನ್ಯಾಷನಲ್ಸ್‌ನಲ್ಲಿ ಫೈನಲ್‌ಗೇ ಬರ್ಲಿಕ್ಕಿಲ್ಲ," ಅಂದರು ಕೋಚ್, ಅವಳಿಗೆ ಕೇಳಿಸದ ಹಾಗೆ.

ಅವಳು ನೀರಿನಿಂದಲೇ ನನ್ನನ್ನು ಕರೆದಳು. "ಮಾಮ, ಆ ಕಡೆ ಗೋಡೆ ಹತ್ರ ನಿಲ್ತೀರಾ? ಫ್ಲಾಗ್ ಉಂಟು, ನನಗೆ ಕಾಣ್ತದೆ. ಆದ್ರೂ ನಾನು ಹತ್ರ ಬಂದಾಗ ಒಮ್ಮೆ ಕೂಗಿ."

ಹೋಗಿ ನಿಂತೆ. ಅವಳು ಬಾವುಟ ದಾಟಿದ ಕೂಡಲೇ ಗಂಟಲು ಹರಿಯುವ ಹಾಗೆ ಕೂಗಿದೆ. ಈ ಸಲ ಅವಳು ತಿರುಗಲಿಲ್ಲ. ಕೈ ಸರಿಯಾಗಿ ಗೋಡೆಗೆ ಬಿತ್ತು. ಕೋಚ್ ವಾಚ್ ನೋಡಿ ನಕ್ಕರು, ಅವಳೂ ನಕ್ಕಳು. ನನಗೆ ನಗು ಬರಲಿಲ್ಲ.

ನ್ಯಾಷನಲ್ಸ್‌ನಲ್ಲಿ ಗೋಡೆ ಹತ್ತಿರ ನಿಂತು ಕೂಗಲು ಮಾಮನನ್ನು ಬಿಡುತ್ತಾರಾ?